ಗೆಡ್ಡೆ ಹೋಗಲಿ, ಓವರಿ ಉಳಿಯಲಿ

(ಪೋಷಕರು, ಶಿಕ್ಷಕಿಯರು ಮತ್ತು ಆಶಾ ಕಾರ್ಯಕರ್ತೆಯರು ಸೇರಿದ್ದ ಸಭೆಯಲ್ಲಿ ಮಕ್ಕಳ ಸರ್ಜನ್ ಒಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಕೇಳಿ ಕೆಲವರಿಗೆ ಆಶ್ಚರ್ಯ ಆಗಿರಬಹುದು. ಓವರಿ ಗೆಡ್ಡೆ ಅಂದರೆ ದೊಡ್ಡ ಹೆಂಗಸರ ಕಾಯಿಲೆ, ಚಿಕ್ಕ ಹುಡುಗಿಯರಿಗೆ ಅದೆಲ್ಲಿಂದ ಬಂತು ಅಂತ. ಬರುತ್ತದೆ. ಎಂಟು ವರ್ಷದವಳಿಗೂ ಬರುತ್ತದೆ, ಹದಿನಾಲ್ಕರವಳಿಗೂ ಬರುತ್ತದೆ, ಇನ್ನೂ ತಾಯಿಯ ಹೊಟ್ಟೆಯಲ್ಲಿರುವ ಕೂಸಿಗೂ ಬರುತ್ತದೆ.

ಗೆಡ್ಡೆ ಇದೆ ಅಂತ ಹೇಳಿದ ತಕ್ಷಣ ಅಪ್ಪ ಅಮ್ಮ ಕೇಳುವ ಮೊದಲ ಪ್ರಶ್ನೆ, ‘ಕ್ಯಾನ್ಸರಾ?’ ಎರಡನೇ ಪ್ರಶ್ನೆ ಕೇಳುವುದಕ್ಕೆ ಬಾಯಿ ಬರುವುದಿಲ್ಲ. ಮುಂದೆ ಇವಳ ಮದುವೆ ಹೇಗೆ, ಮಕ್ಕಳಾಗುತ್ತವಾ ಅನ್ನುವುದು ಅದು. ಆ ಎರಡನೇ ಪ್ರಶ್ನೆಗೋಸ್ಕರವೇ ನಾನು ಇವತ್ತು ಬಂದಿರುವುದು.

ಮೊದಲನೆಯದಕ್ಕೆ ಉತ್ತರ ಬೇಗ ಹೇಳಿಬಿಡುತ್ತೇನೆ. ಮಕ್ಕಳ ಓವರಿ ಗೆಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಆಪರೇಷನ್ ಮಾಡಿ ತೆಗೆಯುವ ಗೆಡ್ಡೆಗಳಲ್ಲಿ ನೂರಕ್ಕೆ 10ರಿಂದ 20 ಮಾತ್ರ ಕ್ಯಾನ್ಸರ್ ಆಗಿರುತ್ತವೆ. ಉಳಿದವು ಸಾಧು ಗೆಡ್ಡೆಗಳು. ಅವು ಬೆಳೆಯುತ್ತವೆ, ತೊಂದರೆ ಕೊಡುತ್ತವೆ, ಆದರೆ ಬೇರೆ ಕಡೆಗೆ ಹರಡಿ ಜೀವ ತೆಗೆಯುವುದಿಲ್ಲ. ಸಾಧು ಗೆಡ್ಡೆ ತೆಗೆಯುವಾಗ ಓವರಿಯನ್ನೂ ಜೊತೆಗೆ ತೆಗೆಯಬೇಕಾ? ಬಹುತೇಕ ಬೇಕಿಲ್ಲ. ನಾನು ಇಲ್ಲಿ ಹೇಳಬೇಕಾಗಿರುವ ಮುಖ್ಯ ಮಾತು ಇದೇ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ‘ಓವರಿ ಉಳಿಸಲಿಕ್ಕೆ ಆಗುತ್ತಾ?’ ಅಂತ ಒಂದು ಮಾತು ಕೇಳಿ.

ಓವರಿ, ಅಂದರೆ ಅಂಡಾಶಯ, ಗರ್ಭಕೋಶದ ಎರಡೂ ಪಕ್ಕದಲ್ಲಿ ಒಂದೊಂದು ಇರುತ್ತದೆ. ಚಿಕ್ಕ ಹುಡುಗಿಯಲ್ಲಿ ಅದರ ಉದ್ದ ಒಂದೆರಡು ಸೆಂಟಿಮೀಟರ್ ಅಷ್ಟೇ. ಹೆಣ್ಣುಮಗು ತನ್ನ ಜೀವಮಾನದ ಮೊಟ್ಟೆಗಳನ್ನೆಲ್ಲ ಹುಟ್ಟುವಾಗಲೇ ತಂದಿರುತ್ತದೆ. ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿರುವಾಗ ಅವು 60ರಿಂದ 70 ಲಕ್ಷ. ಹುಟ್ಟುವ ಹೊತ್ತಿಗೆ 10ರಿಂದ 20 ಲಕ್ಷಕ್ಕೆ ಇಳಿಯುತ್ತವೆ. ಮೈನೆರೆಯುವಾಗ ಉಳಿಯುವುದು ಮೂರು-ನಾಲ್ಕು ಲಕ್ಷ. ಹೊಸದಾಗಿ ಅವು ಹುಟ್ಟುವುದಿಲ್ಲ. ಮುಟ್ಟು ಬರುವುದಕ್ಕೆ, ಎದೆ ಬೆಳೆಯುವುದಕ್ಕೆ, ಮೂಳೆ ಗಟ್ಟಿಯಾಗುವುದಕ್ಕೆ ಬೇಕಾದ ಹಾರ್ಮೋನು ಬರುವುದೂ ಈ ಓವರಿಯಿಂದಲೇ.

‘ಒಂದು ಹೋದರೆ ಏನಂತೆ, ಇನ್ನೊಂದು ಇದೆಯಲ್ಲ?’ ಅನ್ನುತ್ತಾರೆ. ನಿಜ, ಒಂದೇ ಓವರಿ ಇದ್ದರೂ ಮುಟ್ಟು ಬರುತ್ತದೆ, ಮಕ್ಕಳೂ ಆಗುತ್ತವೆ. ಒಂದು ಓವರಿ ಕಳೆದುಕೊಂಡ ಹುಡುಗಿಯರ ಅಪ್ಪ ಅಮ್ಮ ಇಲ್ಲಿದ್ದರೆ ದಯವಿಟ್ಟು ಹೆದರಬೇಡಿ. ಆದರೆ ಆ ಹುಡುಗಿಯ ಮುಂದೆ ಇನ್ನೂ ನಲವತ್ತು ವರ್ಷ ಇದೆ. ಉಳಿದಿರುವ ಓವರಿಯಲ್ಲಿ ಮುಂದೆ ಒಂದು ಗೆಡ್ಡೆ ಬಂದರೆ? ಅದು ತಿರುಚಿಕೊಂಡು ರಕ್ತ ಹರಿಯುವುದು ನಿಂತರೆ? ಡರ್ಮಾಯ್ಡ್ ಅನ್ನುವ ಸಾಮಾನ್ಯ ಗೆಡ್ಡೆ ನೂರರಲ್ಲಿ ಸುಮಾರು ಹತ್ತು ಜನಕ್ಕೆ ಎರಡೂ ಕಡೆ ಬರುತ್ತದೆ. ಒಂದು ಓವರಿ ಇಲ್ಲದವರಿಗೆ ಮುಟ್ಟು ನಿಲ್ಲುವುದೂ ಸ್ವಲ್ಪ ಬೇಗ. ಹತ್ತು ವರ್ಷದ ಮಗುವಿನ ಓವರಿಯನ್ನು ‘ಇನ್ನೊಂದು ಇದೆಯಲ್ಲ’ ಅಂತ ತೆಗೆದುಬಿಡುವುದು ನನಗೆ ಒಪ್ಪುವ ಮಾತಲ್ಲ.

ಈಗ ಗೆಡ್ಡೆಗಳ ವಿಷಯ. ಎಲ್ಲವನ್ನೂ ಹೇಳುತ್ತಾ ಕೂರುವುದಿಲ್ಲ, ನೀವು ನೋಡಬಹುದಾದವನ್ನು ಮಾತ್ರ ಹೇಳುತ್ತೇನೆ.

ಬಸುರಿ ತಾಯಿಗೆ ಸ್ಕ್ಯಾನಿಂಗ್ ಮಾಡುವಾಗ ಕೆಲವೊಮ್ಮೆ ಮಗುವಿನ ಹೊಟ್ಟೆಯಲ್ಲಿ ಒಂದು ನೀರುಗುಳ್ಳೆ ಕಾಣುತ್ತದೆ. ಅದು ಓವರಿಯದು ಅಂತ ಡಾಕ್ಟರಿಗೆ ಅನ್ನಿಸಿದರೂ ಬಾಯಿ ಬಿಟ್ಟು ಹೇಳುವ ಹಾಗಿಲ್ಲ. ಹೇಳಿದರೆ ಮಗು ಹೆಣ್ಣು ಅಂತ ಹೇಳಿದ ಹಾಗಾಯಿತು, ಅಲ್ವಾ? 1994ರ ಕಾನೂನು ಅದನ್ನು ತಡೆಯುತ್ತದೆ, ತಡೆಯಲೇಬೇಕು. ಹಾಗಾಗಿ ರಿಪೋರ್ಟಿನಲ್ಲಿ ‘ಹೊಟ್ಟೆಯಲ್ಲಿ ಸಿಸ್ಟ್ ಇದೆ, ಹುಟ್ಟಿದ ಮೇಲೆ ನೋಡಿ’ ಅಂತ ಇರುತ್ತದೆ. ಮನೆಯವರು ಗಾಬರಿಯಾಗುತ್ತಾರೆ. ಈ ಗುಳ್ಳೆಗಳು ತಾಯಿಯ ಮತ್ತು ಮಾಸಿನ (ಹೆರಿಗೆಯಲ್ಲಿ ಬೀಳುವ ಕಸ, ಪ್ಲಾಸೆಂಟಾ) ಹಾರ್ಮೋನಿನ ಪ್ರಭಾವದಿಂದ ಬಂದವು. ಹೆರಿಗೆಯಾದ ಮೇಲೆ ಆ ಹಾರ್ಮೋನು ಇಳಿಯುತ್ತದೆ, ಬರೀ ನೀರಿನ ಗುಳ್ಳೆಯಾದರೆ ಕೆಲವು ತಿಂಗಳಲ್ಲಿ ತಾನಾಗಿಯೇ ಕರಗುತ್ತದೆ. ಆಗಾಗ ಸ್ಕ್ಯಾನ್ ಮಾಡಿ ನೋಡುತ್ತಾ ಇರಬೇಕು. ನಾಲ್ಕೈದು ಸೆಂಟಿಮೀಟರ್‌ಗಿಂತ ದೊಡ್ಡದಿದ್ದರೆ ತಿರುಚಿಕೊಳ್ಳುವ ಭಯ ಜಾಸ್ತಿ. ಆಗ ಸೂಜಿ ಹಾಕಿ ನೀರು ತೆಗೆಯುವುದಾ, ಲ್ಯಾಪರೋಸ್ಕೋಪಿ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್, ಮಾಡುವುದಾ ಅಂತ ಯೋಚಿಸುತ್ತೇವೆ.

ಮೈನೆರೆಯುವ ವಯಸ್ಸಿನ ಹುಡುಗಿಯರಲ್ಲೂ ಹೀಗೇ ನೀರುಗುಳ್ಳೆಗಳು ಬರುತ್ತವೆ. ಪ್ರತಿ ತಿಂಗಳು ಮೊಟ್ಟೆ ಬೆಳೆಯುವ ಚೀಲ ಒಡೆಯದೆ ಹಾಗೇ ಉಳಿದು ದೊಡ್ಡದಾದರೆ ಅದೇ ಸಿಸ್ಟ್. ಎರಡು ಮೂರು ಮುಟ್ಟು ಕಳೆಯುವಷ್ಟರಲ್ಲಿ ಹೆಚ್ಚಿನವು ಹೋಗುತ್ತವೆ. ಇವಕ್ಕೆ ಆತುರದ ಆಪರೇಷನ್ ಬೇಡ. ಅಂದ ಹಾಗೆ, ಪಿಸಿಒಡಿ ಅಂತ ರಿಪೋರ್ಟಿನಲ್ಲಿ ಬರೆದಿದ್ದರೆ ಅದು ಗೆಡ್ಡೆಯೇ ಅಲ್ಲ. ಇವತ್ತಿನ ಮಾತಿಗೂ ಅದಕ್ಕೂ ಸಂಬಂಧ ಇಲ್ಲ.

ಮಕ್ಕಳಲ್ಲಿ ನಿಜವಾದ ಗೆಡ್ಡೆ ಅಂತ ಹೆಚ್ಚಾಗಿ ನೋಡುವುದು ಡರ್ಮಾಯ್ಡ್. ಟೆರಟೋಮಾ ಅಂತಲೂ ಕರೆಯುತ್ತಾರೆ. ಅದನ್ನು ಕತ್ತರಿಸಿದರೆ ಒಳಗೆ ಬೆಣ್ಣೆಯಂಥ ಜಿಡ್ಡು, ಕೂದಲಿನ ಉಂಡೆ, ಕೆಲವೊಮ್ಮೆ ಹಲ್ಲು ಕೂಡ ಇರುತ್ತದೆ. ಇದನ್ನು ಕೇಳಿ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ಯಾರೋ ಮಾಟ ಮಾಡಿಸಿದರು, ಹುಡುಗಿ ಕೂದಲು ತಿಂದಳು, ಅವಳಿ ಮಗು ಒಳಗೆ ಸೇರಿಕೊಂಡಿತ್ತು, ಇನ್ನೂ ಕೆಟ್ಟದ್ದಾಗಿ ಹುಡುಗಿ ಬಸುರಾಗಿದ್ದಳು ಅಂತ. ಯಾವುದೂ ಅಲ್ಲ. ಮೊಟ್ಟೆಯಾಗಬೇಕಾದ ಜೀವಕೋಶಕ್ಕೆ ಚರ್ಮ, ಕೂದಲು, ಹಲ್ಲು, ಮೂಳೆ ಎಲ್ಲವನ್ನೂ ಮಾಡುವ ಶಕ್ತಿ ಇರುತ್ತದೆ. ಅದು ದಾರಿ ತಪ್ಪಿ ತಾನಾಗಿಯೇ ಬೆಳೆಯಲು ಶುರುಮಾಡಿದರೆ ಡರ್ಮಾಯ್ಡ್ ಆಗುತ್ತದೆ. ಮುಟ್ಟು ಶುರುವಾಗದ ಪುಟ್ಟ ಹುಡುಗಿಗೂ ಬರುತ್ತದೆ. ಆ ಮಗುವಿನ ನಡತೆಗೂ ಇದಕ್ಕೂ ಕೂದಲೆಳೆಯಷ್ಟೂ ಸಂಬಂಧ ಇಲ್ಲ. ಆಶಾ ಅಕ್ಕಂದಿರೇ, ಊರಲ್ಲಿ ಇಂಥ ಮಾತು ಕೇಳಿಬಂದರೆ ಅಲ್ಲೇ ನಿಲ್ಲಿಸಿ. ನೀವು ಹೇಳಿದರೆ ನಂಬುತ್ತಾರೆ.

ಇನ್ನು ಕೆಲವು ಗೆಡ್ಡೆಗಳಲ್ಲಿ ತೆಳು ನೀರೋ ಲೋಳೆಯೋ ತುಂಬಿರುತ್ತದೆ. ಲೋಳೆ ತುಂಬಿದ್ದು ಇಡೀ ಹೊಟ್ಟೆ ತುಂಬುವಷ್ಟು ಬೆಳೆಯಬಲ್ಲದು. ಮಗುವಿನ ಕೆಳಹೊಟ್ಟೆಯ ಎಲುಬಿನ ಗೂಡು ಚಿಕ್ಕದು. ಅದರಲ್ಲಿ ಜಾಗ ಸಾಲದೆ ಗೆಡ್ಡೆ ಮೇಲಕ್ಕೆ ಏರುತ್ತದೆ. ಹಾಗಾಗಿ ಹೊಟ್ಟೆ ಉಬ್ಬುತ್ತದೆ, ಪದೇ ಪದೇ ಒಂದಕ್ಕೆ ಹೋಗಬೇಕೆನಿಸುತ್ತದೆ, ಮಲಬದ್ಧತೆ ಆಗುತ್ತದೆ. ಯೂನಿಫಾರ್ಮ್ ಸೊಂಟದಲ್ಲಿ ಬಿಗಿಯಾಯಿತು ಅಂತ ಅಮ್ಮ ಹೊಲಿಗೆ ಬಿಚ್ಚಿಕೊಡುತ್ತಾರೆ, ದಪ್ಪ ಆಗುತ್ತಿದ್ದಾಳೆ ಅಂದುಕೊಳ್ಳುತ್ತಾರೆ. ಕೈಕಾಲು ಸಣ್ಣಗೇ ಇದ್ದು ಹೊಟ್ಟೆ ಮಾತ್ರ ದಪ್ಪವಾಗುತ್ತಿದ್ದರೆ ಒಂದು ಸ್ಕ್ಯಾನ್ ಮಾಡಿಸಿ.

ಒಂದು ಕಾಯಿಲೆಯನ್ನು ಬಿಡಿಸಿ ಹೇಳಬೇಕು. ಇದರಲ್ಲಿ ಆಪರೇಷನ್ ಮಾಡಿದರೇ ತಪ್ಪು. ಮಗುವಿಗೆ ಬಹಳ ಕಾಲದಿಂದ ಥೈರಾಯ್ಡ್ ಕಡಿಮೆ ಇದ್ದು ಯಾರೂ ಗಮನಿಸಿರುವುದಿಲ್ಲ. ಹುಡುಗಿ ಎತ್ತರ ಬೆಳೆಯುವುದಿಲ್ಲ, ಮಂಕಾಗಿರುತ್ತಾಳೆ, ಮುಖ ಊದಿಕೊಂಡಿರುತ್ತದೆ. ಆದರೆ ಆರೇಳು ವರ್ಷಕ್ಕೇ ಮುಟ್ಟು ಕಾಣಿಸಿಕೊಳ್ಳುತ್ತದೆ. ಸ್ಕ್ಯಾನ್ ಮಾಡಿದರೆ ಎರಡೂ ಓವರಿಗಳಲ್ಲಿ ದೊಡ್ಡ ದೊಡ್ಡ ಗುಳ್ಳೆಗಳು. 1960ರಲ್ಲಿ ವ್ಯಾನ್ ವೈಕ್ ಮತ್ತು ಗ್ರುಂಬಾಕ್ ಅನ್ನುವ ಇಬ್ಬರು ಅಮೆರಿಕದ ವೈದ್ಯರು ಇದನ್ನು ವಿವರಿಸಿದರು, ಅವರ ಹೆಸರಲ್ಲೇ ಈ ಕಾಯಿಲೆ ಇದೆ. ಚಿಕಿತ್ಸೆ ಏನು? ಥೈರಾಯ್ಡ್ ಮಾತ್ರೆ, ಅಷ್ಟೇ. ಕೆಲವು ತಿಂಗಳಲ್ಲಿ ಗುಳ್ಳೆಗಳು ಕುಗ್ಗುತ್ತವೆ, ಮುಟ್ಟು ನಿಲ್ಲುತ್ತದೆ, ಮಗು ಚುರುಕಾಗುತ್ತದೆ. ಕೆಲವು ನೂರು ರೂಪಾಯಿಯ ರಕ್ತಪರೀಕ್ಷೆ ಮಾಡಿಸದೆ ಈ ಮಗುವನ್ನು ಆಪರೇಷನ್ ಟೇಬಲ್ಲಿಗೆ ಹಾಕಿದರೆ ಎರಡೂ ಓವರಿ ಹಾಳಾಗಬಹುದು. ಆದ್ದರಿಂದ ಎರಡೂ ಕಡೆ ಗುಳ್ಳೆಗಳಿದ್ದು ಮಗು ಕುಳ್ಳಗಿದ್ದರೆ, ಥೈರಾಯ್ಡ್ ನೋಡಿದ್ದೀರಾ ಅಂತ ಕೇಳಿ.

ಇದಕ್ಕೆ ವಿರುದ್ಧವಾಗಿ, ಬೇಗ ಆಪರೇಷನ್ ಮಾಡಲೇಬೇಕಾದ ಒಂದು ವಿಚಿತ್ರ ಸಂದರ್ಭವೂ ಇದೆ. ನಿನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದ ಹುಡುಗಿ ಇದ್ದಕ್ಕಿದ್ದಂತೆ ಏನೇನೋ ಮಾತಾಡುತ್ತಾಳೆ, ನಿದ್ದೆ ಮಾಡುವುದಿಲ್ಲ, ಫಿಟ್ಸ್ ಬರುತ್ತದೆ, ಬಾಯಿ ಕೈ ತಾನಾಗಿಯೇ ಆಡುತ್ತಿರುತ್ತದೆ. ದೆವ್ವ ಮೆಟ್ಟಿದೆ ಅಂತ ದೇವಸ್ಥಾನಕ್ಕೆ ಕರೆದೊಯ್ಯುತ್ತಾರೆ. ಡರ್ಮಾಯ್ಡ್ ಒಳಗೆ ಮೆದುಳಿನ ಅಂಗಾಂಶವೂ ಇರಬಹುದು. ಅದರ ವಿರುದ್ಧ ಹೋರಾಡಲು ದೇಹ ತಯಾರಿಸಿದ ಪ್ರತಿಕಾಯಗಳು (ಆ್ಯಂಟಿಬಾಡಿ) ಹೋಗಿ ಅವಳ ಮೆದುಳಿಗೇ ಹೊಡೆಯುತ್ತವೆ. 2007ರಲ್ಲಿ ಹೋಸೆಪ್ ದಲ್ಮಾವು ಅನ್ನುವ ನರರೋಗ ತಜ್ಞರು ಮತ್ತು ಅವರ ತಂಡ ಇದನ್ನು ಗುರುತಿಸಿದರು. ಈ ಕಾಯಿಲೆಯ ಎಲ್ಲರಲ್ಲೂ ಗೆಡ್ಡೆ ಇರುವುದಿಲ್ಲ, ಚಿಕ್ಕ ಮಕ್ಕಳಲ್ಲಂತೂ ಕಡಿಮೆ. ಆದರೆ ಹುಡುಕಲೇಬೇಕು. ಸಿಕ್ಕರೆ ಗೆಡ್ಡೆ ತೆಗೆದು, ಜೊತೆಗೆ ರೋಗನಿರೋಧಕ ಶಕ್ತಿಯ ದಾಳಿಯನ್ನು ತಗ್ಗಿಸುವ ಚಿಕಿತ್ಸೆ ಕೊಟ್ಟರೆ ಹೆಚ್ಚಿನ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯಿಲೆಯ ಮಕ್ಕಳಿಗೆ ಚಿಕಿತ್ಸೆ ಕೊಡುತ್ತಾರೆ.

ಪರೀಕ್ಷೆಗಳ ವಿಷಯಕ್ಕೆ ಬರೋಣ. ಮೊದಲನೆಯದು ಅಲ್ಟ್ರಾಸೌಂಡ್. ಹೊಟ್ಟೆಯ ಮೇಲಿಂದ ಮಾಡುತ್ತಾರೆ, ನೀರು ಕುಡಿಸಿ ಮೂತ್ರಚೀಲ ತುಂಬಿಸಿಕೊಂಡು. ಮಕ್ಕಳಿಗೆ ಕೆಳಗಿನಿಂದ ಸ್ಕ್ಯಾನ್ ಮಾಡುವುದಿಲ್ಲ. ಲ್ಯಾಪರೋಸ್ಕೋಪಿ ಕೂಡ ಹೊಕ್ಕುಳಿನ ಕಡೆಯಿಂದಲೇ ಮಾಡುವುದು. ಈ ಭಯ ಎಷ್ಟೋ ಅಮ್ಮಂದಿರ ಮನಸ್ಸಲ್ಲಿದ್ದು ಕೇಳಲಾರದೆ ಒದ್ದಾಡುತ್ತಾರೆ, ಅದಕ್ಕೆ ನಾನೇ ಹೇಳುತ್ತಿದ್ದೇನೆ. ಸ್ಕ್ಯಾನಿನಲ್ಲಿ ನಾವು ನೋಡುವುದು ಗೆಡ್ಡೆಯಲ್ಲಿ ಬರೀ ನೀರಿದೆಯಾ, ಗಟ್ಟಿ ಭಾಗ ಇದೆಯಾ, ಎಷ್ಟು ದೊಡ್ಡದು ಅಂತ. ಗಟ್ಟಿ ಭಾಗ ಜಾಸ್ತಿ ಇದ್ದರೆ ಎಚ್ಚರವಾಗಿರಬೇಕು. ಸಂಶಯ ಉಳಿದರೆ ಎಂಆರ್‌ಐ. ಸಿಟಿ ಸ್ಕ್ಯಾನ್‌ನಲ್ಲಿ ವಿಕಿರಣ ಇರುವುದರಿಂದ ಮಕ್ಕಳಿಗೆ ಆದಷ್ಟು ಕಡಿಮೆ ಮಾಡುತ್ತೇವೆ.

ಆಮೇಲೆ ರಕ್ತಪರೀಕ್ಷೆ. ಕ್ಯಾನ್ಸರ್ ಗೆಡ್ಡೆಗಳು ಕೆಲವು ವಸ್ತುಗಳನ್ನು ರಕ್ತಕ್ಕೆ ಬಿಡುತ್ತವೆ, ಅವನ್ನು ಅಳೆಯುತ್ತೇವೆ. ಎಎಫ್‌ಪಿ, ಬೀಟಾ ಎಚ್‌ಸಿಜಿ, ಎಲ್‌ಡಿಎಚ್ ಮುಖ್ಯವಾದವು. ಬೀಟಾ ಎಚ್‌ಸಿಜಿ ನೋಡಿ ಕೆಲವು ಅಪ್ಪಂದಿರು ಸಿಟ್ಟಾಗುತ್ತಾರೆ. ‘ನನ್ನ ಮಗಳಿಗೆ ಬಸುರಿನ ಟೆಸ್ಟ್ ಯಾಕೆ ಮಾಡಿಸಿದಿರಿ?’ ಅಂತ. ಹೌದು, ಅದೇ ಟೆಸ್ಟು. ಆದರೆ ಕೆಲವು ಓವರಿ ಗೆಡ್ಡೆಗಳೂ ಅದೇ ಹಾರ್ಮೋನು ಬಿಡುತ್ತವೆ. ಎರಡು ವರ್ಷದ ಮಗುವಿಗೂ ನಾವು ಇದನ್ನು ಮಾಡಿಸುತ್ತೇವೆ. ಇನ್ನು ಎಎಫ್‌ಪಿ ಹುಟ್ಟಿದ ಕೂಸುಗಳಲ್ಲಿ ಸಹಜವಾಗಿಯೇ ಬಹಳ ಮೇಲಿರುತ್ತದೆ, ಮೊದಲ ವರ್ಷದಲ್ಲಿ ನಿಧಾನವಾಗಿ ಇಳಿಯುತ್ತದೆ. ದೊಡ್ಡವರ ಅಳತೆ ಇಟ್ಟುಕೊಂಡು ಕೂಸಿನ ರಿಪೋರ್ಟ್ ನೋಡಿದರೆ ಸುಮ್ನೆ ಭಯ. ರಕ್ತದಲ್ಲಿ ಅಳೆಯುವ ಇಂಥದ್ದೇ ಇನ್ನೊಂದು ವಸ್ತು, ಸಿಎ-125 ಅನ್ನುವುದು, ಮುಟ್ಟಿನ ಸಮಯದಲ್ಲೂ ಏರುತ್ತದೆ, ಹೊಟ್ಟೆಯ ಟಿಬಿಯಲ್ಲೂ ಏರುತ್ತದೆ. ಟಿಬಿ ಇಷ್ಟು ಇರುವ ನಮ್ಮ ದೇಶದಲ್ಲಿ ಅದೊಂದನ್ನೇ ಹಿಡಿದು ಕ್ಯಾನ್ಸರ್ ಅಂತ ತೀರ್ಮಾನಿಸಬಾರದು. ರಿಪೋರ್ಟಿನ ಪಕ್ಕದ ದಪ್ಪಕ್ಷರ ನೋಡಿ, ಮೊಬೈಲಿನಲ್ಲಿ ಹುಡುಕಿ ರಾತ್ರಿಯೆಲ್ಲ ಅಳಬೇಡಿ.

ಈಗ ಆಪರೇಷನ್. ಅದರ ಹಿಂದೆ ಒಂದು ಚರಿತ್ರೆ ಇದೆ. 1809ರ ಡಿಸೆಂಬರ್ 25, ಅಮೆರಿಕದ ಕೆಂಟಕಿಯ ಡ್ಯಾನ್‌ವಿಲ್ ಅನ್ನುವ ಪುಟ್ಟ ಊರು. ಜೇನ್ ಟಾಡ್ ಕ್ರಾಫರ್ಡ್ ಅನ್ನುವ ಹೆಂಗಸಿನ ಹೊಟ್ಟೆ ದೊಡ್ಡದಾಗಿತ್ತು, ದಿನ ತುಂಬಿದ ಬಸುರಿ ಅಂದುಕೊಂಡಿದ್ದರು. ಡಾಕ್ಟರ್ ಎಫ್ರೈಮ್ ಮ್ಯಾಕ್‌ಡವೆಲ್ ನೋಡಿ, ಇದು ಓವರಿ ಗೆಡ್ಡೆ ಅಂದರು. ಆಕೆ ಸುಮಾರು 60 ಮೈಲಿ ಕುದುರೆಯ ಮೇಲೆ ಕೂತು ಅವರ ಊರಿಗೆ ಬಂದಳು. ಅರಿವಳಿಕೆ ಬರಲು ಇನ್ನೂ ಮೂರೂವರೆ ದಶಕ ಇತ್ತು. ಎಚ್ಚರವಿದ್ದಾಗಲೇ ಹೊಟ್ಟೆ ಕೊಯ್ದು, 25 ನಿಮಿಷದಲ್ಲಿ, ಸುಮಾರು 10 ಕಿಲೋ ಗೆಡ್ಡೆ ತೆಗೆದರು. ಆಕೆ ಬದುಕಿದಳು, ಇನ್ನೂ 30ಕ್ಕೂ ಹೆಚ್ಚು ವರ್ಷ ಬಾಳಿದಳು. ಆ ಹೆಣ್ಣುಮಗಳ ಧೈರ್ಯ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಹೊಟ್ಟೆ ತೆರೆದು ಗೆಡ್ಡೆ ತೆಗೆಯಬಹುದು ಅಂತ ಜಗತ್ತಿಗೆ ಗೊತ್ತಾಗಿದ್ದು ಆಕೆಯಿಂದ.

ಆದರೆ ಅಂದು ಶುರುವಾದ ಪದ್ಧತಿ, ಗೆಡ್ಡೆ ಬಂದರೆ ಓವರಿ ಸಮೇತ ತೆಗೆಯುವುದು, ಬಹಳ ಕಾಲ ಹಾಗೇ ನಡೆಯಿತು. ಆಗ ಜೀವ ಉಳಿದರೆ ಸಾಕಾಗಿತ್ತು. ಮಕ್ಕಳ ವಿಷಯದಲ್ಲಿ ಓವರಿ ಉಳಿಸಬೇಕು ಅನ್ನುವ ಒತ್ತಾಯ ಬಲವಾಗಿದ್ದು ಇತ್ತೀಚಿನ ದಶಕಗಳಲ್ಲಿ.

ಹೇಗೆ ಉಳಿಸುವುದು? ಸ್ಕ್ಯಾನಿನಲ್ಲಿ ಗೆಡ್ಡೆ ದೊಡ್ಡದಾಗಿ ಕಾಣುತ್ತದೆ, ಓವರಿ ಕಾಣುವುದೇ ಇಲ್ಲ. ಆದರೆ ಓವರಿ ಎಲ್ಲೂ ಹೋಗಿರುವುದಿಲ್ಲ. ಗೆಡ್ಡೆಯ ಸುತ್ತ ತೆಳ್ಳಗೆ ಹಿಗ್ಗಿಕೊಂಡಿರುತ್ತದೆ, ಮೊಟ್ಟೆಗಳೆಲ್ಲ ಆ ತೆಳು ಪದರದಲ್ಲೇ ಇರುತ್ತವೆ. ಆ ಪದರವನ್ನು ಮೇಲೆ ಮೆಲ್ಲಗೆ ಕೊಯ್ದು, ಅದಕ್ಕೂ ಗೆಡ್ಡೆಗೂ ನಡುವಿನ ಸಂದು ಹುಡುಕಬೇಕು. ಸಂದು ಸಿಕ್ಕಿತೆಂದರೆ ಕೆಲಸ ಅರ್ಧ ಮುಗಿದ ಹಾಗೆ. ಕೆಲವೊಮ್ಮೆ ಸೂಜಿಯಲ್ಲಿ ಸಲೈನ್ ಬಿಟ್ಟು ಸಂದನ್ನು ಅಗಲ ಮಾಡಿಕೊಳ್ಳುತ್ತೇವೆ. ನೆನೆಸಿದ ಅವರೆಕಾಳು ಹಿತುಕಿದರೆ ಬೇಳೆ ಹೊರಗೆ ಜಾರಿ ಸಿಪ್ಪೆ ಬೆರಳಲ್ಲಿ ಉಳಿಯುತ್ತದಲ್ಲ, ಹಾಗೆ. ಅಡುಗೆಗೆ ಬೇಳೆ ಬೇಕು, ನಮಗೆ ಮಾತ್ರ ಸಿಪ್ಪೆ ಬೇಕು. ಒಳಗಿನದು ಹೋಗಲಿ, ಸುತ್ತಲಿನದು ಉಳಿಯಲಿ.

ರಕ್ತ ಬಂದರೆ ಕರೆಂಟ್ ಕೊಟ್ಟು ಸುಡುವುದು ಸರ್ಜನ್‌ಗಳ ಅಭ್ಯಾಸ. ಇಲ್ಲಿ ಅದನ್ನು ಆದಷ್ಟು ಕಡಿಮೆ ಮಾಡಬೇಕು, ಸುಟ್ಟ ಜಾಗದ ಮೊಟ್ಟೆಗಳು ವಾಪಸ್ ಬರುವುದಿಲ್ಲ. ಸ್ವಲ್ಪ ಹೊತ್ತು ಒತ್ತಿ ಹಿಡಿಯುತ್ತೇವೆ, ಬೇಕಾದರೆ ಸಣ್ಣ ಹೊಲಿಗೆ ಹಾಕುತ್ತೇವೆ. ಉಳಿದ ಓವರಿ ಮುದುಡಿದ ಬಟ್ಟೆಯ ಥರ ಕಾಣುತ್ತದೆ, ಅದನ್ನು ನೋಡಿ ‘ಇದರಲ್ಲೇನೂ ಉಳಿದಿಲ್ಲ’ ಅಂತ ತೆಗೆದುಬಿಡುವ ಆಸೆ ಆಗಬಾರದು. ಕೆಲವು ತಿಂಗಳು ಬಿಟ್ಟು ಸ್ಕ್ಯಾನ್ ಮಾಡಿದರೆ ಅದೇ ಓವರಿ ತನ್ನ ಆಕಾರಕ್ಕೆ ಬಂದು, ಮೊಟ್ಟೆಯ ಚೀಲಗಳು ಕಾಣುತ್ತವೆ.

ಇದನ್ನೆಲ್ಲ ಹೆಚ್ಚಾಗಿ ಲ್ಯಾಪರೋಸ್ಕೋಪಿಯಲ್ಲೇ ಮಾಡುತ್ತೇವೆ. ಹೊಕ್ಕುಳಲ್ಲಿ ಒಂದು ತೂತು, ಕೆಳಗೆ ಇನ್ನೆರಡು, ಸುಮಾರು ಅರ್ಧ ಸೆಂಟಿಮೀಟರಿನವು. ಗೆಡ್ಡೆಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಹೊರಗೆ ತೆಗೆಯುತ್ತೇವೆ. ಡರ್ಮಾಯ್ಡ್ ಒಡೆದು ಜಿಡ್ಡು ಚೆಲ್ಲಿದರೆ ಬೆಚ್ಚಗಿನ ಸಲೈನಿನಲ್ಲಿ ಚೆನ್ನಾಗಿ ತೊಳೆಯಬೇಕು. ತೊಳೆದರೆ ತೊಂದರೆ ಆಗುವುದು ಬಹಳ ಅಪರೂಪ. ತೀರಾ ದೊಡ್ಡ ಗೆಡ್ಡೆಗೆ ಕೆಳಹೊಟ್ಟೆಯಲ್ಲಿ ಅಡ್ಡ ಕೊಯ್ದು ಮಾಡುತ್ತೇವೆ. ಲ್ಯಾಪರೋಸ್ಕೋಪಿ ಅಂದರೆ ಒಳ್ಳೆಯ ಆಪರೇಷನ್, ಹೊಟ್ಟೆ ಕೊಯ್ದರೆ ಹಳೇ ಕಾಲದ್ದು ಅಂತ ತಿಳಿಯಬೇಡಿ. ಸಣ್ಣ ತೂತಿನಲ್ಲಿ ಇಡೀ ಓವರಿ ತೆಗೆದುಹಾಕುವುದಕ್ಕಿಂತ, ಹೊಟ್ಟೆ ಕೊಯ್ದು ಓವರಿ ಉಳಿಸಿದವರೇ ಮೇಲು.

ಯಾವಾಗ ಉಳಿಸಬಾರದು? ಗೆಡ್ಡೆ ಗಟ್ಟಿಯಾಗಿದ್ದು, ರಕ್ತಪರೀಕ್ಷೆಯೂ ಏರಿದ್ದು, ಕ್ಯಾನ್ಸರಿನ ಸಂಶಯ ಬಲವಾಗಿದ್ದರೆ ಗೆಡ್ಡೆಯನ್ನು ಒಡೆಯದೆ ಓವರಿ ಸಮೇತ ತೆಗೆಯಬೇಕು. ಅಲ್ಲಿ ಓವರಿಯ ಮೇಲಿನ ಪ್ರೀತಿ ಮಗುವಿನ ಜೀವಕ್ಕೆ ಕುತ್ತಾಗಬಾರದು. ಆಗಲೂ ಸಾಮಾನ್ಯವಾಗಿ ಒಂದೇ ಕಡೆಯದು ತೆಗೆಯುತ್ತೇವೆ. ಗರ್ಭಕೋಶ ಮತ್ತು ಇನ್ನೊಂದು ಓವರಿ ಚೆನ್ನಾಗಿದ್ದರೆ ಅವನ್ನು ಮುಟ್ಟುವುದಿಲ್ಲ. ಮಕ್ಕಳಲ್ಲಿ ಬರುವ ಓವರಿ ಕ್ಯಾನ್ಸರುಗಳು ಕೀಮೋಥೆರಪಿಗೆ ಚೆನ್ನಾಗಿ ಬಗ್ಗುವಂಥವು, ಬಹಳಷ್ಟು ಮಕ್ಕಳು ಪೂರ್ತಿ ಗುಣವಾಗುತ್ತಾರೆ.

ಅಂದರೆ ತೀರ್ಮಾನ ಕತ್ತಿ ಹಿಡಿಯುವ ಮೊದಲೇ ಆಗಬೇಕು. ಅಮೆರಿಕದ ಕೆಲವು ಮಕ್ಕಳ ಆಸ್ಪತ್ರೆಗಳು ಸೇರಿ ಇದನ್ನೇ ಪರೀಕ್ಷಿಸಿದವು. ಆಪರೇಷನ್‌ಗೆ ಮುಂಚೆ ಸ್ಕ್ಯಾನ್, ರಕ್ತಪರೀಕ್ಷೆ ನೋಡಿ, ಎಲ್ಲ ತಜ್ಞರೂ ಒಂದೇ ಕ್ರಮ ಅನುಸರಿಸಿದರು. 2023ರಲ್ಲಿ ಫಲಿತಾಂಶ ಬಂತು. ಸಾಧು ಗೆಡ್ಡೆ ಇದ್ದೂ ಓವರಿ ಕಳೆದುಕೊಳ್ಳುತ್ತಿದ್ದವರು ನೂರಕ್ಕೆ 16 ಇದ್ದದ್ದು 8ಕ್ಕೆ ಇಳಿಯಿತು. ಹೊಸ ಯಂತ್ರ ಇಲ್ಲ, ಹೊಸ ಔಷಧಿ ಇಲ್ಲ. ಕೂತು ಯೋಚಿಸಿದ್ದಕ್ಕೆ ಇಷ್ಟು ಹುಡುಗಿಯರ ಓವರಿ ಉಳಿಯಿತು. ಇದನ್ನು ನಮ್ಮಲ್ಲೂ ಮಾಡಬಹುದು.

ಈಗ ನಾನು ಹೆಚ್ಚು ಸಮಯ ಕೊಡಬೇಕೆಂದಿರುವ ವಿಷಯ, ಓವರಿ ತಿರುಚಿಕೊಳ್ಳುವುದು.

ಗೆಡ್ಡೆಯ ಭಾರಕ್ಕೆ ಓವರಿ ತನ್ನ ತೊಟ್ಟಿನ ಮೇಲೆ ತಿರುಗಿಬಿಡುತ್ತದೆ. ಒಂದು ಸುತ್ತು, ಎರಡು ಸುತ್ತು. ರಕ್ತ ಒಳಗೆ ಹೋಗುತ್ತಿರುತ್ತದೆ, ಹೊರಗೆ ಬರಲಾರದು. ಓವರಿ ಊದಿ ಕಪ್ಪಗಾಗುತ್ತದೆ. ಮಕ್ಕಳಲ್ಲಿ ಗೆಡ್ಡೆ ಇಲ್ಲದ ಓವರಿಯೂ ಹೀಗೆ ತಿರುಚಬಹುದು. ಹುಡುಗಿಗೆ ಇದ್ದಕ್ಕಿದ್ದಂತೆ ಕೆಳಹೊಟ್ಟೆಯ ಒಂದು ಕಡೆ ಜೋರು ನೋವು, ಜೊತೆಗೆ ವಾಂತಿ. ನೋವು ಬಂದು ಹೋಗಿ ಮಾಡಬಹುದು. ಬಲಗಡೆ ಹೆಚ್ಚು, ಹಾಗಾಗಿ ಅಪೆಂಡಿಕ್ಸ್ ಅಂತ ತಪ್ಪು ತಿಳಿಯುವುದು ಸುಲಭ.

ಮನೆಯಲ್ಲಿ ಏನಾಗುತ್ತದೆ? ಮುಟ್ಟಿನ ನೋವು ಅಂತ ಬಿಸಿನೀರಿನ ಚೀಲ ಇಡುತ್ತಾರೆ. ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಡುತ್ತಾರೆ. ಪರೀಕ್ಷೆಗೆ ಹೆದರಿ ನಾಟಕ ಮಾಡುತ್ತಿದ್ದಾಳೆ ಅನ್ನುತ್ತಾರೆ. ಬಟ್ಟಿ ಬಿದ್ದಿದೆ ಅಂತ ಎಣ್ಣೆ ಹಾಕಿ ಹೊಟ್ಟೆ ನೀವಿಸುವುದೂ ಉಂಟು. ಹಿರಿಯರ ಬಗ್ಗೆ ನನಗೆ ಗೌರವ ಇದೆ, ಆದರೆ ಕೈಮುಗಿದು ಕೇಳುತ್ತೇನೆ, ಗೆಡ್ಡೆ ಇರಬಹುದಾದ ಹೊಟ್ಟೆಯನ್ನು ಒತ್ತಿ ನೀವಬೇಡಿ. ಟೀಚರ್‌ಗಳೂ ಗಮನಿಸಿ. ನೋವಿನಲ್ಲಿ ಬೆಂಚಿನ ಮೇಲೆ ಬಾಗಿ ಕೂತು, ಎದ್ದು ಹೋಗಿ ವಾಂತಿ ಮಾಡಿಕೊಂಡ ಹುಡುಗಿಯನ್ನು ಸುಮ್ನೆ ರೆಸ್ಟ್ ರೂಮಿನಲ್ಲಿ ಮಲಗಿಸಬೇಡಿ. ಮನೆಗೆ ಫೋನ್ ಮಾಡಿ, ಅವತ್ತೇ ಸ್ಕ್ಯಾನ್ ಆಗಲಿ.

ಸ್ಕ್ಯಾನಿನಲ್ಲಿ ರಕ್ತ ಹರಿಯುತ್ತಿರುವುದು ಕಂಡಿತು ಅಂದ ಮಾತ್ರಕ್ಕೆ ತಿರುಚಿಲ್ಲ ಅಂತಲ್ಲ. ಓವರಿಗೆ ಎರಡು ಕಡೆಯಿಂದ ರಕ್ತ ಬರುತ್ತದೆ, ಒಂದು ಕಟ್ಟಿಕೊಂಡರೂ ಇನ್ನೊಂದು ಸ್ವಲ್ಪ ಹರಿಯಬಹುದು. ನೋವಿನ ಲಕ್ಷಣ ಹೊಂದುತ್ತಿದ್ದರೆ ಲ್ಯಾಪರೋಸ್ಕೋಪಿ ಹಾಕಿ ಕಣ್ಣಾರೆ ನೋಡುವುದೇ ಸರಿ.

ಒಳಗೆ ನೋಡಿದಾಗ ಓವರಿ ಕಪ್ಪುನೀಲಿ ಬಣ್ಣಕ್ಕೆ ತಿರುಗಿರುತ್ತದೆ. ಇದು ಸತ್ತುಹೋಗಿದೆ, ಬಿಡಿಸಿದರೆ ಒಳಗಿನ ರಕ್ತದ ಗಂಟು ಹೋಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಹಿಂದೆ ನಮಗೆಲ್ಲ ಕಲಿಸುತ್ತಿದ್ದರು. ಕತ್ತರಿಸಿ ತೆಗೆಯುವುದೇ ನಿಯಮವಾಗಿತ್ತು. ಎಷ್ಟೋ ಕೇಸುಗಳನ್ನು ಒಟ್ಟಿಗೆ ಇಟ್ಟು ನೋಡಿದ ಮೇಲೆ ಎರಡೂ ಭಯ ಸುಳ್ಳು ಅಂತ ಗೊತ್ತಾಯಿತು. ಬಿಡಿಸಿದ್ದರಿಂದ ಗಂಟು ಹೋಗುವ ಅಪಾಯ ಹೆಚ್ಚುವುದಿಲ್ಲ. ಬಣ್ಣ ನೋಡಿ ಓವರಿ ಸತ್ತಿದೆಯೋ ಇಲ್ಲವೋ ಹೇಳಲಿಕ್ಕೆ ಆಗುವುದಿಲ್ಲ. ಕಪ್ಪಗಿದ್ದ ಓವರಿಯನ್ನು ಬರೀ ಬಿಡಿಸಿ ಹಾಗೇ ಬಿಟ್ಟು, ಎರಡು ಮೂರು ತಿಂಗಳ ನಂತರ ಸ್ಕ್ಯಾನ್ ಮಾಡಿದರೆ ಬಹುಪಾಲು ಹುಡುಗಿಯರಲ್ಲಿ ಅದು ಮೊಟ್ಟೆ ಬೆಳೆಸುತ್ತಿರುವುದು ಕಾಣುತ್ತದೆ. ಅಮೆರಿಕದ ಪ್ರಸೂತಿ ತಜ್ಞರ ಸಂಘ 2019ರಲ್ಲಿ ಹದಿಹರೆಯದವರ ವಿಷಯದಲ್ಲಿ ಇದನ್ನೇ ಬರೆದು ಹೇಳಿತು. ಬಿಡಿಸಿ, ಉಳಿಸಿ ಅಂತ.

ಬೇಗ ಬಂದಷ್ಟೂ ಒಳ್ಳೆಯದು. ಆದರೆ ‘ನಿನ್ನೆಯಿಂದ ನೋವಿದೆ, ಇನ್ನು ಉಳಿಯಲ್ಲ’ ಅಂತ ಕೈಬಿಡುವ ಹಾಗಿಲ್ಲ. ಒಂದು ದಿನ ದಾಟಿ ಬಂದವರ ಓವರಿಯೂ ಉಳಿದಿದೆ. ಬಿಡಿಸಿದ ದಿನ ಓವರಿ ತುಂಬಾ ಊದಿದ್ದರೆ ಗೆಡ್ಡೆಯನ್ನು ಅವತ್ತೇ ಬಿಡಿಸಲು ಹೋಗದೆ, ಕೆಲವು ವಾರ ಬಿಟ್ಟು ಎರಡನೇ ಆಪರೇಷನ್‌ನಲ್ಲಿ ತೆಗೆಯುತ್ತೇವೆ. ‘ಎರಡು ಸಲ ಯಾಕೆ?’ ಅಂತ ಬೇಜಾರು ಮಾಡಿಕೊಳ್ಳಬೇಡಿ. ಅದು ಓವರಿಗೋಸ್ಕರ.

ದುಡ್ಡಿನ ಮಾತು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಕಾರ್ಡ್ ಇಟ್ಟುಕೊಂಡು ಹೋಗಿ, ಮೊದಲೇ ವಿಚಾರಿಸಿ. ಮಕ್ಕಳ ಸರ್ಜನ್‌ಗಳು ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ ಇದ್ದಾರೆ, ದೊಡ್ಡ ಮೆಡಿಕಲ್ ಕಾಲೇಜುಗಳಲ್ಲೂ ಇದ್ದಾರೆ. ಎಲ್ಲ ತಾಲೂಕಿನಲ್ಲಿ ಇಲ್ಲ, ಅದು ನಮ್ಮ ದೊಡ್ಡ ಕೊರತೆ. ನಿಮ್ಮ ಊರಿನ ಸ್ತ್ರೀರೋಗ ತಜ್ಞರು ಓವರಿ ಉಳಿಸುವ ಅನುಭವ ಇರುವವರಾದರೆ ಅಲ್ಲೇ ಮಾಡಿಸಿ. ತಿರುಚಿಕೊಂಡ ಓವರಿಗಂತೂ ಹತ್ತಿರದ ಆಸ್ಪತ್ರೆಯೇ ಒಳ್ಳೆಯ ಆಸ್ಪತ್ರೆ.

ಮಾತು ಮುಗಿದ ಮೇಲೆ ಸಭೆಯಿಂದ ಕೆಲವು ಪ್ರಶ್ನೆಗಳು ಬಂದವು.

ಒಬ್ಬ ತಾಯಿ ಕೇಳಿದರು: ‘ಮೇಡಂ, ಓವರಿ ಉಳಿಸಿದರೆ ಗೆಡ್ಡೆ ಮತ್ತೆ ಬರಲ್ವಾ?’

ಬರಬಹುದು ಅಮ್ಮಾ. ನೂರರಲ್ಲಿ ಕೆಲವೇ ಜನಕ್ಕೆ. ಅದಕ್ಕೇ ವರ್ಷಕ್ಕೊಮ್ಮೆಯಾದರೂ ಸ್ಕ್ಯಾನ್ ಮಾಡಿಸಿ ಅನ್ನುವುದು, ಮೊದಲ ವರ್ಷ ಇನ್ನೂ ಬೇಗ. ಮತ್ತೆ ಬಂದರೂ ಚಿಕ್ಕದಿರುವಾಗಲೇ ಸಿಗುತ್ತದೆ. ಮುಂದೆ ಬರಬಹುದಾದ ಗೆಡ್ಡೆಗೆ ಹೆದರಿ ಇವತ್ತು ಓವರಿ ಕೊಡುವುದು ನಷ್ಟದ ವ್ಯಾಪಾರ.

‘ಸ್ಕೂಲಿಗೆ ಯಾವಾಗ ಕಳಿಸಬಹುದು?’ ಲ್ಯಾಪರೋಸ್ಕೋಪಿಯಾದರೆ ಹೆಚ್ಚಿನ ಮಕ್ಕಳು ಒಂದೆರಡು ದಿನದಲ್ಲಿ ಮನೆಗೆ ಹೋಗುತ್ತಾರೆ, ವಾರ ಹತ್ತು ದಿನದಲ್ಲಿ ಶಾಲೆಗೆ. ಕಬಡ್ಡಿ, ಖೋಖೋ, ಭರತನಾಟ್ಯಕ್ಕೆ ಡಾಕ್ಟರ್ ಹೇಳುವವರೆಗೆ ಕೆಲವು ವಾರ ಕಾಯಲಿ. ಊಟದ ಪಥ್ಯ ಏನೂ ಇಲ್ಲ. ಬದನೆಕಾಯಿ ತಿಂದರೆ ನಂಜಾಗುತ್ತದೆ ಅಂತ ಮಗುವಿಗೆ ಬರೀ ಗಂಜಿ ಹಾಕಬೇಡಿ.

ಒಬ್ಬ ಆಶಾ ಕಾರ್ಯಕರ್ತೆ ಬಯಾಪ್ಸಿ ಬಗ್ಗೆ ಕೇಳಿದರು. ಒಳ್ಳೆಯ ಪ್ರಶ್ನೆ. ತೆಗೆದ ಗೆಡ್ಡೆ ಎಷ್ಟೇ ಸಾಧುವಾಗಿ ಕಂಡರೂ ಲ್ಯಾಬಿಗೆ ಹೋಗಲೇಬೇಕು. ಸಣ್ಣ ಊರುಗಳಲ್ಲಿ ಡಬ್ಬಿಯನ್ನು ಮನೆಯವರ ಕೈಗೇ ಕೊಟ್ಟು ಕಳಿಸುತ್ತಾರೆ. ಅದರಲ್ಲಿರುವುದು ಫಾರ್ಮಲಿನ್, ಚೆಲ್ಲಬೇಡಿ, ನೀರು ಬೆರೆಸಬೇಡಿ, ಹೆಸರು ವಯಸ್ಸು ಸರಿಯಾಗಿ ಬರೆದಿದೆಯಾ ನೋಡಿಕೊಂಡು ಅವತ್ತೇ ಮುಟ್ಟಿಸಿ. ರಿಪೋರ್ಟ್ ಬಂದ ಮೇಲೆ ಡಾಕ್ಟರಿಗೆ ತೋರಿಸದೆ ಬೀರುವಿನಲ್ಲಿ ಇಡಬೇಡಿ. ಅಪರೂಪಕ್ಕೆ ಅದರಲ್ಲಿ ಬಲಿಯದ ಟೆರಟೋಮಾ, ಅಂದರೆ ಕ್ಯಾನ್ಸರಿನ ಹಾಗೆ ಹರಡಬಲ್ಲ ಬಗೆ, ಅಂತ ಬರಬಹುದು. ಆಗ ಮುಂದಿನ ಚಿಕಿತ್ಸೆಯ ದಾರಿಯೇ ಬೇರೆ.

ಕೊನೆಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ತಂದೆ ಎದ್ದರು. ‘ಇದನ್ನೆಲ್ಲ ಹುಡುಗಿಗೆ ಹೇಳಬೇಕಾ? ನಾಳೆ ಗಂಡಿನ ಕಡೆಯವರಿಗೆ ಗೊತ್ತಾದರೆ?’

ಹುಡುಗಿಗೆ ಹೇಳಲೇಬೇಕು ಸರ್. ಅವಳ ದೇಹ ಅದು. ಹತ್ತು ವರ್ಷದವಳಿಗೆ ಅವಳಿಗೆ ಅರ್ಥವಾಗುವಷ್ಟು, ಹದಿನೈದರವಳಿಗೆ ಎಲ್ಲವನ್ನೂ. ಏನೂ ಹೇಳದೆ ಹೊಟ್ಟೆಯ ಮೇಲೆ ಗಾಯ ಮಾತ್ರ ಬಿಟ್ಟರೆ ಅವಳು ತನಗೆ ತೋಚಿದ್ದನ್ನು ನಂಬುತ್ತಾಳೆ, ಅದು ನಿಜಕ್ಕಿಂತ ಕೆಟ್ಟದಾಗಿರುತ್ತದೆ. ಮುಂದೆ ಅವಳಿಗೆ ಹೊಟ್ಟೆನೋವು ಬಂದಾಗ, ಅವಳು ಬಸುರಿಯಾದಾಗ, ಡಾಕ್ಟರ್ ಕೇಳುವುದು ಅವಳನ್ನು, ನಿಮ್ಮನ್ನಲ್ಲ. ಯಾವ ಕಡೆಯ ಓವರಿ, ಏನು ತೆಗೆದರು, ಬಯಾಪ್ಸಿಯಲ್ಲಿ ಏನು ಬಂತು ಅಂತ ಅವಳಿಗೆ ಗೊತ್ತಿರಬೇಕು. ಡಿಸ್ಚಾರ್ಜ್ ಕಾರ್ಡ್, ಬಯಾಪ್ಸಿ ರಿಪೋರ್ಟ್, ಆಪರೇಷನ್ ನೋಟ್, ಮೂರನ್ನೂ ಒಂದು ಫೈಲಿನಲ್ಲಿ ಹಾಕಿಡಿ. ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅವಳು ಓದಲಿಕ್ಕೋ ಕೆಲಸಕ್ಕೋ ಬೇರೆ ಊರಿಗೆ ಹೊರಟಾಗ ಅವಳ ಕೈಗೆ ಕೊಡಿ.